ಕಾರ್ಡು ಒಬ್ಬಳದು, ಕೈ ಒಬ್ಬಳದು

ಆ ಬೆಳಿಗ್ಗೆ ಮಾಸ್ತಮ್ಮನ ಗಂಟಲಲ್ಲಿ ಗಂಜಿ ಇಳಿಯಲಿಲ್ಲ. ಎರಡು ಗುಟುಕು ಕುಡಿದು ಬಟ್ಟಲನ್ನು ಅಲ್ಲೇ ಬಿಟ್ಟು ಎದ್ದಳು. ಮಂಚದ ಮೇಲೆ ದಿಂಬಿಗೊರಗಿದ್ದ ಗಂಡ ಅದನ್ನು ನೋಡಿದ. ನಾಲ್ಕು ದಿನದಿಂದ ಎರಡು ಹೊತ್ತೂ ಮಾಡುತ್ತಿದ್ದ ಕೆಲಸವನ್ನೇ ಇನ್ನೊಮ್ಮೆ ಮಾಡಿದ.

"ಹೆಸ್ರು?"

"ರೇಖಾ."

"ವಯಸ್ಸು?"

"ಮೂವತ್ತೊಂದು."

"ಹುಟ್ಟಿದ್ ತಾರೀಕು?"

"ಒಂಬತ್ತು, ಆರು, ತೊಂಬತ್ನಾಕು."

"ಗಂಡನ್ ಹೆಸ್ರು?"

"ವಿನೋದ."

"ಆತು. ನನ್ ಹೆಂಡ್ತಿ ತಮ್ಮನ್ ಪಾಲಾಯ್ತು ಹಂಗಾರೆ" ಎಂದ ಗಂಡ.

ಮೊದಲ ದಿನ ಈ ಮಾತಿಗೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಇವತ್ತು ಇಬ್ಬರಿಗೂ ನಗು ಬರಲಿಲ್ಲ. ಮಾಸ್ತಮ್ಮ ಬುತ್ತಿಯ ಚೀಲ ಹೆಗಲಿಗೇರಿಸಿ, ಅವನ ಕೈಗೆ ಸಿಗುವ ಹಾಗೆ ನೀರಿನ ತಂಬಿಗೆ ಇಟ್ಟು ಹೊರಬಿದ್ದಳು.

ವಿಷಯ ಇಷ್ಟೇ. ಮಾಸ್ತಮ್ಮನಿಗೆ ನಲವತ್ತೇಳು ತುಂಬಿದೆ. ರೇಖಾ ಅವಳ ಓರಗಿತ್ತಿ, ಮೈದುನ ವಿನೋದನ ಹೆಂಡತಿ. ವಿನೋದ, ರೇಖಾ ಇಬ್ಬರೂ ಎರಡು ವರ್ಷದಿಂದ ಗೋವೆಯಲ್ಲಿದ್ದಾರೆ. ಅವನು ಬೋಟಿನ ಮೇಲೆ, ಅವಳು ಬಂದರಿನಲ್ಲಿ. ರೇಖಾಳ ಗುರುತಿನ ಕಾರ್ಡು ಮಾತ್ರ ಊರಲ್ಲಿದೆ. ಆ ಕಾರ್ಡಿನ ಮೇಲೆ ಹದಿನಾಲ್ಕು ತಿಂಗಳಿಂದ ಮೀನು ಫ್ಯಾಕ್ಟರಿಯಲ್ಲಿ ಸಿಗಡಿ ಸುಲಿಯುತ್ತಿರುವವಳು ಮಾಸ್ತಮ್ಮ. ಇವತ್ತು ಫ್ಯಾಕ್ಟರಿಗೆ ಸರ್ಕಾರದ ತಪಾಸಣೆ. ರೇಖಾ ಅನ್ನುವವಳು ರೇಖಾಳೇ ಹೌದೋ ಅಲ್ಲವೋ ನೋಡಲು ಆಫೀಸಿನವರು ಬರುತ್ತಾರಂತೆ.

ಮೂರು ವರ್ಷದ ಹಿಂದೆ ಬೋಟಿನಿಂದ ಬಿದ್ದು ಸೊಂಟ ಮುರಿದುಕೊಂಡ ಗಂಡ ಮಂಚ ಬಿಟ್ಟು ಅಂಗಳಕ್ಕೆ ಬರಲಿಕ್ಕೂ ಗೋಡೆ ಹಿಡಿಯಬೇಕು. ಈ ಕೆಲಸ ಹೋದರೆ ಮನೆಯ ಒಲೆ ಆರುತ್ತದೆ. ಬರೀ ಒಲೆ ಆರಿದರೆ ಹೇಗೋ ಸಹಿಸಬಹುದು, ಪೊಲೀಸರು ಬಂದು ಎಳೆದೊಯ್ದರೆ? ಮಾವಿನಕುರ್ವೆಯ ದಾರಿಯುದ್ದಕ್ಕೂ ಮಾಸ್ತಮ್ಮನ ತಲೆಯಲ್ಲಿ ಇದೊಂದೇ ಓಡುತ್ತಿತ್ತು. ಹುಟ್ಟಿದ ಮೇಲೆ ಅವಳು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವಳಲ್ಲ, ಅದರ ಎದುರಿನ ರಸ್ತೆಯಲ್ಲಿ ಹೋಗುವಾಗಲೂ ಸೆರಗು ಸರಿಮಾಡಿಕೊಂಡು ಹೋದವಳು.

ಫ್ಯಾಕ್ಟರಿ ಎದ್ದಿರುವ ಜಾಗ ಯಾವುದೆಂದು ಹೇಳದಿದ್ದರೆ ಕತೆಗೆ ಅನ್ಯಾಯವಾಗುತ್ತದೆ. ಹೊಳೆ ಕಡಲಿಗೆ ಸೇರುವಲ್ಲಿ ಒಂದು ಮರಳ ದಿಬ್ಬವಿತ್ತು. ಮಾಸ್ತಮ್ಮ, ಪಕ್ಕದ ಮನೆಯ ಕಮಲಿ, ಕೆಳಕೇರಿಯ ದುರ್ಗಿ, ಹೀಗೆ ಮೂವತ್ತು ನಲವತ್ತು ಹೆಂಗಸರು ಅದರ ಮೇಲೆ ಹಳೇ ಬಲೆ ಹಾಸಿ ತಾರ್ಲೆ, ಬಂಗಡೆ ಮೀನು ಒಣಗಿಸುತ್ತಿದ್ದರು. ಅವರ ಅತ್ತೆಯಂದಿರೂ ಅಲ್ಲೇ ಒಣಗಿಸಿದವರು. ಕಾಗೆ ಓಡಿಸಬೇಕು, ಹೊತ್ತು ಹೊತ್ತಿಗೆ ಮಗುಚಿ ಹಾಕಬೇಕು, ಮಳೆ ಹಿಡಿಯುವುದರೊಳಗೆ ಬುಟ್ಟಿ ಹೊತ್ತು ಕುಮಟೆ, ಭಟ್ಕಳದ ಸಂತೆಗೆ ಹೋಗಿ ಮಾರಬೇಕು. ಯಾರಿಗೂ ಯಾರೂ ಯಜಮಾನರಿರಲಿಲ್ಲ. ದಿಬ್ಬ ಯಾರದು ಎಂದು ಯಾರೂ ಕೇಳಿರಲಿಲ್ಲ, ಹಾಗಾಗಿ ಯಾರ ಹತ್ತಿರವೂ ಒಂದು ತುಂಡು ಕಾಗದವಿರಲಿಲ್ಲ.

ಆಮೇಲೆ ಒಂದು ದಿನ ಶಾಮಿಯಾನ ಬಂತು, ಮೈಕು ಬಂತು, ಕುರ್ಚಿ ಬಂದವು. ಕೈಗಾರಿಕೆ ಬರುತ್ತದೆ, ಊರು ಉದ್ಧಾರವಾಗುತ್ತದೆ, ಸ್ಥಳೀಯರಿಗೇ ಕೆಲಸ ಎಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಕಮಲಿ. ಅವಳು ಅದನ್ನು ನೆನೆಸಿಕೊಂಡು ಈಗಲೂ ತನ್ನ ಅಂಗೈಯನ್ನೇ ಬೈಯುತ್ತಾಳೆ. ಕಾಂಪೌಂಡು ಎದ್ದ ಮೇಲೆ ಗೊತ್ತಾಯಿತು, ಸ್ಥಳೀಯರು ಎಂದರೆ ಮೂವತ್ತೈದರ ಒಳಗಿನ ಸ್ಥಳೀಯರು. ಅಂಥವರನ್ನು ಎಷ್ಟು ಜನ ಸೇರಿಸಿಕೊಂಡರೆ ಅಷ್ಟು ರಿಯಾಯಿತಿ ಕಂಪನಿಗೆ ಸರ್ಕಾರದಿಂದ ಸಿಗುತ್ತದೆ. ಮೀನು ಒಣಗಿಸಿ ಒಣಗಿಸಿ ತಾವೂ ಒಣಗಿದವರಿಗೆ ಏನೂ ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ದೇವರೇ ವಯಸ್ಸು ಕೇಳಿದ.

ಮೂವತ್ತೈದರ ಒಳಗಿನವರು ಬಂದರು, ಬರಲಿಲ್ಲ ಎಂದಲ್ಲ. ಡಿಗ್ರಿ ಓದಿದ ಹುಡುಗಿಯರು ಐಸಿನ ನೀರಲ್ಲಿ ಕೈ ಅದ್ದಿಕೊಂಡು ಒಂದು ತಿಂಗಳು ನಿಂತರು, ಎರಡನೇ ತಿಂಗಳು ಮಂಗಳೂರಿನ ಬಟ್ಟೆ ಅಂಗಡಿಗಳಿಗೆ ಹೋದರು. ಸಿಗಡಿ ಯಾರಿಗೂ ಕಾಯುವುದಿಲ್ಲ, ಕೊಳೆಯುತ್ತದೆ. ಆಗ ಕೇರಿಗೆ ಬಂದವನು ಗಣಪಿ. ಹಿಂದೆ ಇದೇ ಹೆಂಗಸರ ಒಣಮೀನನ್ನು ವಾಲಿದ ತಕ್ಕಡಿಯಲ್ಲಿ ತೂಗಿಸಿಕೊಂಡು ಹೋಗುತ್ತಿದ್ದವನು. ಜೀಪು ತೆಗೆದುಕೊಂಡು ಕಂಪನಿಗೆ ಆಳು ಒದಗಿಸುವ ಗುತ್ತಿಗೆದಾರನಾದ ಮೇಲೆ ಅವನು ಎಲ್ಲರ ಬಾಯಲ್ಲೂ ಗಣಪಣ್ಣ.

"ನಿಮ್ ಕಾರ್ಡ್ ಬ್ಯಾಡ" ಎಂದಿದ್ದ ಗಣಪಣ್ಣ. "ಸೊಸೆದೋ ಮಗಳದೋ ತಕಂಡ್ ಬನ್ನಿ. ಕೈ ನಿಮ್ದೇ ಇರ್ಲಿ."

ಹಾಗೆ ಹನ್ನೊಂದು ಹೆಂಗಸರು ಒಳಗೆ ಹೋದರು. ಐವತ್ತೆರಡರ ಕಮಲಿ ಸೊಸೆಯ ಕಾರ್ಡಿನ ಮೇಲೆ ಶ್ವೇತಾ ಆದಳು. ದುರ್ಗಿ ತನ್ನ ಮಗಳೇ ಆದಳು. ಹೆಬ್ಬೆಟ್ಟು ಇಡುವ ಯಂತ್ರ ಬಂದ ವಾರದಲ್ಲೇ ಉಪ್ಪುನೀರು ಕುಡಿದು ಕೆಟ್ಟಿತು, ಅದನ್ನು ರಿಪೇರಿ ಮಾಡಿಸಲು ಗಣಪಿಗೆ ಯಾವತ್ತೂ ಪುರುಸೊತ್ತು ಸಿಗಲಿಲ್ಲ. ಒಳಗೆ ಟೊಪ್ಪಿ, ಮುಖಕ್ಕೆ ಮಾಸ್ಕು, ಮೊಣಕಾಲಿನವರೆಗೆ ಬೂಟು. ಕಾಣುವುದು ಎರಡು ಕಣ್ಣು ಮಾತ್ರ. ಇನ್ನು ಕಾರ್ಡಿನ ಫೋಟೋದಲ್ಲಿ ತಮ್ಮ ಹಾಗೆ ತಾವೇ ಕಾಣುವವರು ಈ ದೇಶದಲ್ಲಿ ಎಷ್ಟು ಜನ ಇದ್ದಾರು?

ಮೊದಮೊದಲು ನಗು ಬರುತ್ತಿತ್ತು. "ಶ್ವೇತಾ, ಇಲ್ ಬಾರೆ" ಎಂದು ಮಾಸ್ತಮ್ಮ ಕರೆದರೆ ಕಮಲಿ ಸೊಂಟ ಬಳುಕಿಸಿಕೊಂಡು ಬರುತ್ತಿದ್ದಳು. ದುರ್ಗಿಯ ಕೈ ಹೋದ ದಿನದಿಂದ ಆ ನಗು ನಿಂತಿತು.

ಐಸು ಒಡೆಯುವ ಯಂತ್ರಕ್ಕೆ ದುರ್ಗಿಯ ಬಲಗೈಯ ಮೂರು ಬೆರಳು ಸಿಕ್ಕಿಕೊಂಡವು. ಆಸ್ಪತ್ರೆಯಲ್ಲಿ ಮಗಳ ಹೆಸರು ಬರೆಸಿದರು. ವಿಮೆಯೂ ಮಗಳ ಹೆಸರಲ್ಲೇ. ವಿಮೆಯವರು ಕೈ ನೋಡಬೇಕು ಎಂದು ಕರೆದಾಗ ಮಗಳ ಎರಡೂ ಕೈ ಸರಿಯಾಗಿದ್ದವು. ಕೈ ಹೋದವಳು ಫ್ಯಾಕ್ಟರಿಯಲ್ಲಿ ಇರಲೇ ಇಲ್ಲ, ಇದ್ದವಳ ಕೈ ಹೋಗಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಕೇಳಿದ್ದೇವೆ, ಇಲ್ಲಿ ಬರೆ ಎಳೆಯಲಿಕ್ಕೂ ಎಮ್ಮೆ ಸಿಗಲಿಲ್ಲ. ಬಾಯಿ ಬಿಟ್ಟರೆ ಸುಳ್ಳು ಕಾರ್ಡಿನ ಕೇಸು ಎಂದು ಗಣಪಿ ಹೇಳಿ ಹೋದ. ಈಗ ದುರ್ಗಿ ಜಗಲಿಯಲ್ಲಿ ಕೂತು ಎಡಗೈಯಲ್ಲಿ ಅನ್ನ ಕಲಸುತ್ತಾಳೆ. ದಾರಿಯಲ್ಲಿ ಹೋಗುವಾಗ ಮಾಸ್ತಮ್ಮ ಆ ಕಡೆ ನೋಡುವುದಿಲ್ಲ. ನೋಡಿದ ದಿನ ಅವಳಿಗೆ ಚೂರಿ ಹಿಡಿಯಲು ಆಗುವುದಿಲ್ಲ.

ತಪಾಸಣೆಗೆ ಬಂದದ್ದು ಒಬ್ಬಳೇ ಹೆಂಗಸು. ಮೂವತ್ತರ ಆಸುಪಾಸು, ಮಾಸಿದ ಚೂಡಿದಾರ, ಹೆಗಲಲ್ಲೊಂದು ಚೀಲ, ಕೈಯಲ್ಲಿ ದಪ್ಪ ಫೈಲು. ಜೀಪು, ಪೇದೆ ಎಲ್ಲ ಬರುತ್ತದೆ ಎಂದು ಜೀವ ಕೈಯಲ್ಲಿ ಹಿಡಿದು ಕೂತಿದ್ದ ಹೆಂಗಸರು ಅವಳು ಆಟೋದಿಂದ ಇಳಿದದ್ದನ್ನು ಕಿಟಕಿಯಲ್ಲಿ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಮಲಿಗೆ ಸ್ವಲ್ಪ ಧೈರ್ಯ ಬಂತು. ಮಾಸ್ತಮ್ಮನಿಗೆ ಇನ್ನಷ್ಟು ಹೆದರಿಕೆಯಾಯಿತು. ಜೀಪಿನಲ್ಲಿ ಬರುವವರು ಟೀ ಕುಡಿದು ಹೋಗುತ್ತಾರೆ, ಆಟೋದಲ್ಲಿ ಬರುವವರು ಓದಿ ನೋಡುತ್ತಾರೆ.

"ಹೆಸರು ಕರೆದವರು ಮಾತ್ರ ಬರಬೇಕು. ಮಾಸ್ಕು ತೆಗೀಬೇಕಂತೆ" ಎಂದು ಗಣಪಿ ಬಾಗಿಲಲ್ಲಿ ನಿಂತು ಹೇಳಿದ. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಉಳಿದದ್ದನ್ನೂ ಹೇಳಿದ. "ಒಂದ್ ಮಾತ್ ಆಚೀಚೆ ಆದ್ರೆ ನಂಗೆಂತದೂ ಇಲ್ಲ. ನೀವೇ ಸುಳ್ ಕಾರ್ಡ್ ತಂದ್ ಮೋಸ ಮಾಡಿದ್ರಿ ಅಂದೇಳಿ ಕಂಪ್ಲೇಂಟ್ ಬರ್ದೇ ಇಟ್ಟದೆ. ತಾರೀಕ್ ಹಾಕೂದೊಂದ್ ಬಾಕಿ."

ಮೊದಲು ಕರೆದದ್ದೇ ರೇಖಾಳನ್ನು.

ಆಫೀಸಿನ ಕೋಣೆಯಲ್ಲಿ ಮೇಜಿನ ಆಚೆ ಆ ಹೆಂಗಸು, ಪಕ್ಕದಲ್ಲಿ ಮ್ಯಾನೇಜರು. ಮ್ಯಾನೇಜರು ಘಟ್ಟದ ಮೇಲಿನ ಯಾವುದೋ ಊರಿನವರು, ಈ ಕಡೆಯವರ ಮಾತು ಅರ್ಧ ಅವರ ಕಿವಿಗೆ ಹೋಗುವುದಿಲ್ಲ. ಮಾಸ್ತಮ್ಮ ಮಾಸ್ಕು ಕೆಳಗೆ ಎಳೆದಳು. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಏಪ್ರನ್ನಿನ ಮೇಲೆ ಕಾಣಿಸೀತು ಎಂದು ಅವಳು ಎರಡೂ ಕೈ ಅಡ್ಡ ಕಟ್ಟಿಕೊಂಡಳು.

"ಹೆಸರು?"

"ರೇಖಾ."

"ವಯಸ್ಸು?"

"ಮೂವತ್ತೊಂದು."

ಹೆಂಗಸು ತಲೆಯೆತ್ತಿ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಬಿಸಿಲು, ಉಪ್ಪು ತಿಂದ ಮುಖ. ಕಡಲ ದಂಡೆಯಲ್ಲಿ ಮೂವತ್ತಕ್ಕೆ ನಲವತ್ತೈದು ಕಾಣುವ ಹೆಂಗಸರಿಗೆ ಬರವಿಲ್ಲ. ಮುಂದಿನ ಪ್ರಶ್ನೆಗೆ ಹೋದಳು.

"ಹುಟ್ಟಿದ ತಾರೀಖು?"

ಅದೂ ತಪ್ಪಲಿಲ್ಲ.

"ಗಂಡನ ಹೆಸರು?"

"ವಿನೋದ" ಎಂದಳು ಮಾಸ್ತಮ್ಮ, ಸ್ಪಷ್ಟವಾಗಿ, ಥಟ್ಟನೆ. ಎಲ್ಲಕ್ಕಿಂತ ಚೆನ್ನಾಗಿ ಬಂದ ಉತ್ತರ ಅದೇ. ಬರದೆ ಏನು? ಅವಳು ಮದುವೆಯಾಗಿ ಬಂದಾಗ ವಿನೋದನಿಗೆ ಏಳು ವರ್ಷ. ಅವನ ಮೂಗು ಒರೆಸಿದವಳು, ವಿನೋದಾ ಉಣ್ಣೂಕ್ ಬಾರಾ ಎಂದು ಹೊಳೆದಂಡೆಯುದ್ದಕ್ಕೂ ಕೂಗಿದವಳು ಅವಳೇ.

ಹೆಂಗಸಿನ ಪೆನ್ನು ನಿಂತಿತು.

ಅವಳು ಮ್ಯಾನೇಜರ ಕಡೆ ತಿರುಗಿ, ಹೋದ ವರ್ಷದ ಹಾಜರಿ ಪುಸ್ತಕ ಬೇಕಿತ್ತು ಎಂದಳು. ಮ್ಯಾನೇಜರು ಗಣಪಿಯನ್ನು ಕೂಗಿ, ಅವನು ಸಿಗದೆ ತಾವೇ ಎದ್ದು ಹೋದರು. ಬಾಗಿಲು ಮುಚ್ಚಿತು. ಹೆಂಗಸಿನ ಮಾತು ಆಗ ಆಫೀಸಿನ ಕನ್ನಡ ಬಿಟ್ಟು ಊರಿಗೆ ಇಳಿಯಿತು.

"ನನ್ ಹೆಸ್ರು ಸುಚಿತಾ. ಹೊಳನಗದ್ದೆ ನಮ್ಮೂರು. ನನ್ ಆಯಿ ಇವತ್ತಿನ್ ತನ್ಕ ಅಪ್ಪನ್ ಹೆಸ್ರು ಬಾಯಲ್ ಹೇಳಿಲ್ಲ. ಬ್ಯಾಂಕಲ್ ಕೇಳಿದ್ರೆ ಮೊಳಕೈಯಲ್ಲಿ ನನ್ ಪಕ್ಕೆ ತಿವೀತದೆ, ನೀ ಹೇಳೆ ಅಂದೇಳಿ. ನಿಮ್ ವಯಸ್ಸಿನವ್ರು ಯಾರೂ ಹಿಂಗೆ ಪಟಕ್ನೆ ಗಂಡನ್ ಹೆಸ್ರು ಹೇಳೂದ್ ನಾ ಕಂಡಿಲ್ಲ, ಅಕ್ಕಾ."

ನಾಲ್ಕು ದಿನ ಗಂಡನೂ ಮಾಸ್ತಮ್ಮನೂ ಕೂತು ಕಲಿತ ಪಾಠದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ತಪ್ಪದೇ ಹೋದದ್ದೇ ತಪ್ಪಾಗಿತ್ತು. ಇಪ್ಪತ್ತೆಂಟು ವರ್ಷದಲ್ಲಿ ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಓಟಿನ ಪಟ್ಟಿಯವರ ಮುಂದೆ ಎಷ್ಟು ಸಲ ಈ ಪ್ರಶ್ನೆ ಬಂದಿಲ್ಲ! ಪ್ರತಿ ಸಲವೂ ಅವಳು ತಲೆ ತಗ್ಗಿಸಿದ್ದಾಳೆ, ಪಕ್ಕದಲ್ಲಿದ್ದವರು ಹೇಳಿದ್ದಾರೆ. ಗಂಡನ ಹೆಸರು ಬಾಯಿಗೆ ಬಂದರೆ ಅವನ ಆಯುಷ್ಯ ತಗ್ಗುತ್ತದೆ ಎಂದು ಅತ್ತೆ ಹೇಳಿದ್ದು ಅವಳ ಎದೆಯಲ್ಲಿ ಹಾಗೇ ಕೂತಿದೆ. ಮಂಚ ಹಿಡಿದವನ ಆಯುಷ್ಯದ ವಿಷಯದಲ್ಲಿ ಆಟವಾಡಲು ಯಾರಿಗೆ ಧೈರ್ಯ ಬರುತ್ತದೆ?

"ಅಕ್ಕೋರೆ" ಎಂದಳು. ಶಾಲೆಯ ಟೀಚರನ್ನು ಬಿಟ್ಟರೆ ಬೇರೆ ಓದಿದ ಹೆಂಗಸರನ್ನು ಕರೆದು ಅವಳಿಗೆ ರೂಢಿಯಿರಲಿಲ್ಲ. "ಅಕ್ಕೋರೆ, ಪೊಲೀಸ್ರಿಗೆ ಹೇಳ್ಬೇಡಿ. ಕಾಲಿಗ್ ಬೀಳ್ತೆ."

"ಬೀಳ್ಬೇಡಿ. ನಂದೂ ಗುತ್ತಿಗೆ ನೌಕರಿನೇ. ಮಾರ್ಚಿಗೆ ಇರ್ತದೋ ಇಲ್ವೋ ನಂಗೇ ಗೊತ್ತಿಲ್ಲ." ಸುಚಿತಾ ಫೈಲಿನಿಂದ ಬೇರೊಂದು ಹಾಳೆ ಎಳೆದು ಅವಳ ಮುಂದೆ ಇಟ್ಟಳು. "ಇಲ್ ಕಾಣಿ. ಈ ಜಾಗದಲ್ಲಿ ಮೊದ್ಲು ದುಡೀತಾ ಇದ್ದು ಕೆಲ್ಸ ಕಳಕಂಡವ್ರು ಯಾರ್ಯಾರು ಅಂತ ಸರ್ಕಾರದವ್ರು ಕೇಳಿದ್ದಾರೆ. ಕಂಪನಿಯವ್ರು ಎಂತ ಬರ್ದಿದ್ದಾರೆ ಗೊತ್ತಾ? ಯಾರೂ ಇಲ್ಲ."

ಮಾಸ್ತಮ್ಮನಿಗೆ ಓದಲು ಬರುತ್ತಿತ್ತು, ನಾಲ್ಕನೇ ಕ್ಲಾಸಿನವರೆಗೆ ಹೋದವಳು. ಅಕ್ಷರ ಕೂಡಿಸಿ ಓದಿದಳು. ಯಾರೂ ಇಲ್ಲ ಎಂದೇ ಇತ್ತು.

"ಇದ್ರಲ್ಲಿ ಒಂದ್ ಹೆಸ್ರು ಬಿದ್ರೂ ಮೇಲಿನವ್ರು ಉತ್ತರ ಕೊಡ್ಬೇಕಾಗ್ತದೆ. ನಿಮಗೆಂತಾದ್ರೂ ಸಿಗ್ತದೆ ಅಂತ ನಾ ಹೇಳೂದಿಲ್ಲ, ಸುಳ್ಳು ಹೇಳಿ ಎಂತ ಮಾಡೂದು? ಆದ್ರೆ ಹೆಸ್ರು ಬರ್ಸಿದ ಕೂಡ್ಲೆ ಈ ಕೆಲ್ಸ ಹೋಗ್ತದೆ. ಅದಂತೂ ಖರೆ." ಹೊರಗೆ ಹೆಜ್ಜೆ ಸದ್ದು ಕೇಳಿತು. ಸುಚಿತಾ ಹಾಳೆಯನ್ನು ಮೊದಲಿನ ಜಾಗಕ್ಕೆ ಸೇರಿಸಿದಳು. "ಈಗ ರೇಖಾ ಅಂತ ಪೆನ್ಸಿಲ್ಲಲ್ಲಿ ಗುರುತ್ ಹಾಕ್ತೆ. ನಾಕ್ ಗಂಟೆ ತನ್ಕ ಇರ್ತೆ. ಆಮೇಲೆ ಪೆನ್ನಲ್ಲಿ ಬರೀತೆ."

ಬಾಗಿಲು ತೆರೆದು ಮ್ಯಾನೇಜರು ಬಂದರು. ಮಾಸ್ತಮ್ಮ ಮಾಸ್ಕು ಮೇಲೆಳೆದುಕೊಂಡು ಹೊರಗೆ ಬಂದಳು.

"ಎಂತ ಕೇಳ್ತು?" ಗಣಪಿ ಅಡ್ಡ ನಿಂತು ಕೇಳಿದ.

"ನೀವ್ ಹೇಳಿದ್ದೇ."

"ಇಷ್ಟೊತ್ ಯಾಕಾಯ್ತು?"

"ತಾರೀಕ್ ಎರಡ್ ಸಲ ಕೇಳ್ತು" ಎಂದು ಸುಳ್ಳು ಹೇಳಿ ಅವಳು ಮೇಜಿಗೆ ಹೋದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಗಣಪಿಯ ಕಣ್ಣು ತನ್ನ ಬೆನ್ನ ಮೇಲೇ ಇದೆ ಎಂದು ಅನಿಸುತ್ತಿತ್ತು, ತಿರುಗಿ ನೋಡಲು ಹೆದರಿಕೆ. ಸಿಗಡಿಯ ತಲೆ ಮುರಿಯುವ ಬದಲು ಬಾಲ ಮುರಿದಳು.

ಒಬ್ಬೊಬ್ಬರಾಗಿ ಉಳಿದವರೂ ಹೋಗಿ ಬಂದರು. ಕಮಲಿ ಗೆದ್ದವಳ ಹಾಗೆ ಬಂದು ಪಕ್ಕದಲ್ಲಿ ನಿಂತಳು. "ಎಲ್ಲ ಒಪ್ಸಿದೆ ಕಾಣೆ. ಗಂಡನ್ ಹೆಸ್ರಿಗೆ ನನ್ ಮಗನ್ ಹೆಸ್ರು ಹೇಳ್ಬೇಕಲ್ಲ ಅಂದೇಳಿ ನಾಚ್ಕೆ ಆಗಿತ್ತು. ಅದೊಂದ್ ಕೇಳ್ಲೇ ಇಲ್ಲ."

ಮಾಸ್ತಮ್ಮ ಉಳಿದವರನ್ನೂ ಮೆಲ್ಲಗೆ ಕೇಳಿ ನೋಡಿದಳು. ತನ್ನ ನಂತರ ಯಾರನ್ನೂ ಅದನ್ನು ಕೇಳಿಲ್ಲ. ಕೇಳುವ ಅಗತ್ಯವಿಲ್ಲ ಎಂದಾದರೆ ಆ ಹೆಂಗಸಿಗೆ ಎಲ್ಲ ಗೊತ್ತಾಗಿದೆ, ಎಲ್ಲರದೂ ಗೊತ್ತಾಗಿದೆ.

ಊಟದ ಹೊತ್ತಿಗೆ ಬುತ್ತಿ ಬಿಚ್ಚದೆ ಕಮಲಿಯನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದಳು.

"ಯಾರೂ ಇಲ್ಲ ಅಂದೇಳಿ ಬರದ್ರಾ?"

"ಹಂಗೇ ಬರದ್ರು."

"ನಾವೆಲ್ಲ ಎಂತ, ಕಾಗೆನಾ?" ಸಿಟ್ಟು ಒಂದು ಗಳಿಗೆ ಅಷ್ಟೇ ಇತ್ತು. ಕಮಲಿ ಮಾಸ್ತಮ್ಮನ ಕೈ ಹಿಡಿದುಕೊಂಡಳು. "ಮಾಸ್ತಿ, ನೀ ಹೋಗ್ಬೇಡ. ಹೋದ್ರೆ ನಿಂದೊಂದೇ ಅಲ್ಲ, ನಮ್ದೆಲ್ಲ ಹೋಗ್ತದೆ. ಸೊಸೆ ಹೆಸ್ರಿಗೆ ಕೇಸ್ ಆದ್ರೆ ನನ್ ಮಗ ನನ್ನ ಮನೆಯೊಳ್ಗೆ ಇಟ್ಕಂತ್ನಾ? ನಂಗೆ ಹೆದ್ರಿಕೆ ಆಗ್ತದೆ ಮಾರಾಯ್ತಿ. ನಾ ಬರೂದಿಲ್ಲ."

"ನಂಗೂ ಹೆದ್ರಿಕೆನೇ" ಎಂದಳು ಮಾಸ್ತಮ್ಮ.

ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಅವಳು ಗೋಡೆಯ ಗಡಿಯಾರವನ್ನು ನೋಡಿದಷ್ಟು ಯಾವ ದಿನವೂ ನೋಡಿರಲಿಲ್ಲ. ಸುಮ್ಮನಿದ್ದರೆ ಆಯಿತು. ಪೆನ್ಸಿಲ್ಲಿನ ಗುರುತು ಪೆನ್ನಿನದಾಗುತ್ತದೆ, ನಾಳೆಯೂ ಸಿಗಡಿಯ ಟೆಂಪೋ ಬರುತ್ತದೆ, ಒಲೆ ಉರಿಯುತ್ತದೆ. ಹೀಗೆಂದುಕೊಂಡ ಕೂಡಲೇ ಐಸು ಒಡೆಯುವ ಯಂತ್ರ ಗರಗರ ಎಂದಿತು. ಅದರ ಬಾಯಿಗೆ ಐಸು ನೂಕುತ್ತಿದ್ದ ಕೈಗಳು ಕಂಡವು. ನಾಳೆ ಅಲ್ಲಿ ತನ್ನನ್ನು ಹಾಕಿದರೆ? ಹೋಗುವುದು ತನ್ನ ಬೆರಳು, ಉಳಿಯುವುದು ಗೋವೆಯಲ್ಲಿರುವ ರೇಖಾಳ ಬೆರಳು. ಬಿದ್ದು ಸತ್ತರೂ ಸತ್ತವಳು ತಾನಲ್ಲ. ಯಾರೂ ಇಲ್ಲದ ಜಾಗದಲ್ಲಿ ಯಾರು ಸಾಯುತ್ತಾರೆ?

ಅವಳಿಗೆ ಧೈರ್ಯ ಬಂತು ಎಂದು ಹೇಳಿದರೆ ನಾನು ಸುಳ್ಳು ಹೇಳಿದ ಹಾಗೆ. ಧೈರ್ಯ ಬರಲಿಲ್ಲ. ಕೆಲಸ ಹೋಗುವ ಹೆದರಿಕೆ ಒಂದು ಕಡೆ, ತಾನೇ ಇಲ್ಲದಂತಾಗುವ ಹೆದರಿಕೆ ಇನ್ನೊಂದು ಕಡೆ ಎಳೆಯುತ್ತಿದ್ದವು. ಮೂರೂ ಮುಕ್ಕಾಲಕ್ಕೆ ಎರಡನೆಯದು ಒಂದು ಕೂದಲೆಳೆಯಷ್ಟು ಹೆಚ್ಚು ಎಳೆಯಿತು. ಅವಳು ಚೂರಿಯನ್ನು ಟ್ರೇಯಲ್ಲಿಟ್ಟು, ಬಚ್ಚಲಿಗೆ ಹೋಗಿ ಬತ್ತೆ ಎಂದು ಮೇಲ್ವಿಚಾರಕಿಗೆ ಹೇಳಿ ಹೊರಟಳು. ಕಮಲಿ ತಲೆ ಎತ್ತಲಿಲ್ಲ.

ಸುಚಿತಾ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಮ್ಯಾನೇಜರು ಗೇಟಿನ ಹತ್ತಿರ ಆಟೋ ಕರೆಸುತ್ತಿದ್ದರು. ಮಾಸ್ತಮ್ಮ ಒಳಗೆ ಬಂದು ಟೊಪ್ಪಿ ತೆಗೆದಳು. ಅರ್ಧ ನರೆತ ಕೂದಲು ಹೊರಬಂತು.

"ಬರ್ಕಳಿ" ಎಂದಳು.

ಸುಚಿತಾ ಚೀಲ ಇಳಿಸಿ, ಮತ್ತೆ ಕೂತು, ಫೈಲು ಬಿಚ್ಚಿ, ಆ ಹಾಳೆ ತೆಗೆದಳು. ಯಾರೂ ಇಲ್ಲ ಎಂಬುದರ ಮೇಲೆ ಒಂದು ಗೆರೆ ಎಳೆದಳು.

"ಹೆಸ್ರು?"

"ಮಾಸ್ತಮ್ಮ." ಹದಿನಾಲ್ಕು ತಿಂಗಳಲ್ಲಿ ಈ ಕಾಂಪೌಂಡಿನ ಒಳಗೆ ಆ ಹೆಸರನ್ನು ಅವಳು ಗಟ್ಟಿಯಾಗಿ ಹೇಳಿದ್ದು ಇದೇ ಮೊದಲು. ಯಾರಾದರೂ ಕೇಳಿಸಿಕೊಂಡರೋ ಎಂದು ಬಾಗಿಲ ಕಡೆ ನೋಡಿದಳು.

"ವಯಸ್ಸು?"

"ನಲ್ವತ್ತೇಳು."

"ಮೊದ್ಲಿನ ಕೆಲ್ಸ?"

"ಮೀನ್ ಒಣಗ್ಸೂದು. ಇಲ್ಲೇ. ನೀವ್ ಕೂತ ಜಾಗ ಅದೆಯಲ್ಲ, ಅಲ್ಲೇ ನನ್ ಬಲೆ ಹಾಸ್ತಿದ್ದೆ."

ಸುಚಿತಾ ತಾನು ಕೂತ ಕುರ್ಚಿಯ ಕೆಳಗೆ ಒಮ್ಮೆ ನೋಡಿ, ಬರೆದಳು. ಆಮೇಲೆ ಪೆನ್ನು ಎತ್ತಿ ಹಿಡಿದು, ಕೇಳಲು ಸಂಕೋಚವಾದವಳಂತೆ ಕೇಳಿದಳು.

"ಗಂಡನ್ ಹೆಸ್ರು?"

ಮಾಸ್ತಮ್ಮ ಬಾಯಿ ತೆರೆದಳು. ಹೆಸರು ಗಂಟಲಿನವರೆಗೆ ಬಂದು ನಿಂತಿತು. ಬೆಳಿಗ್ಗೆ ತಂಬಿಗೆ ಇಟ್ಟಾಗ ಅವನು ಚಾಚಿದ ಕೈ ನೆನಪಾಯಿತು. ಪೊಲೀಸರ ಹೆದರಿಕೆ, ಗಣಪಿಯ ಹೆದರಿಕೆ, ಎಲ್ಲ ದಾಟಿ ಇಲ್ಲಿಯವರೆಗೆ ಬಂದವಳಿಗೆ ಇದನ್ನು ದಾಟಲು ಆಗಲಿಲ್ಲ. ಮೊಳಕೈ ತನ್ನಷ್ಟಕ್ಕೇ ಪಕ್ಕಕ್ಕೆ ಹೋಯಿತು. ಪಕ್ಕದಲ್ಲಿ ಯಾರೂ ಇರಲಿಲ್ಲ.

"ಹೇಳೂಕಾಗೂದಿಲ್ಲ ಅಕ್ಕೋರೆ" ಎಂದಳು. ಕಣ್ಣಲ್ಲಿ ನೀರು ಬಂತು. ಓಣಿಯಲ್ಲಿ ಬೂಟಿನ ಸದ್ದು ಕೇಳುತ್ತಿತ್ತು, ಹತ್ತಿರ ಬರುತ್ತಿತ್ತು. ಗಣಪಿಯೇ ಇರಬೇಕು. ಹೆಸರಿಲ್ಲದೆ ಸಾಲು ಅರ್ಧ ನಿಂತಿತ್ತು.

"ತಿಮ್ಮ."

ದನಿ ಬಂದದ್ದು ಹಿಂದಿನಿಂದ. ಕಮಲಿ ಬಾಗಿಲು ಹಿಡಿದು ನಿಂತಿದ್ದಳು. ಕೈಯಿಂದ ಐಸಿನ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. "ಅದ್ರ ಗಂಡನ್ ಹೆಸ್ರು ತಿಮ್ಮ. ಬರ್ಕಳಿ. ನಾ ಪಕ್ಕದ್ ಮನೆಯವ್ಳು, ನಂಗೊತ್ತು."

ಹಾಗೆ ಹೇಳಿದ ಮೇಲೆ ಅವಳೂ ಶ್ವೇತಾ ಆಗಿ ಉಳಿಯುವ ಹಾಗಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ತನ್ನ ಟೊಪ್ಪಿಯನ್ನೂ ತೆಗೆದು, ನಾಲ್ಕು ಹೆಜ್ಜೆ ಇಟ್ಟು ಬಂದು ಮಾಸ್ತಮ್ಮನಿಗೆ ಒತ್ತಿಕೊಂಡು ನಿಂತಳು. ಸುಚಿತಾ ಬರೆದು ಮುಗಿಸಿ ತಲೆ ಎತ್ತಿದಳು.

"ನಿಮ್ ಹೆಸ್ರು?"

"ಕಮಲಿ. ಐವತ್ತೆರಡು. ನಾನೂ ಇಲ್ಲೇ ಒಣಗ್ಸ್ತಿದ್ದೆ."

"ಗಂಡನ್ ಹೆಸ್ರು?"

ಬೂಟಿನ ಸದ್ದು ನಿಂತಿತು. ಗಣಪಿ ಬಾಗಿಲಲ್ಲಿದ್ದ. ಟೊಪ್ಪಿಯಿಲ್ಲದ ಇಬ್ಬರ ತಲೆ ನೋಡಿದ, ಮೇಜಿನ ಮೇಲಿನ ಹಾಳೆ ನೋಡಿದ, ಜೇಬಿನಿಂದ ಫೋನು ತೆಗೆದ. ಕಮಲಿಯ ಮೊಳಕೈ ಮಾಸ್ತಮ್ಮನ ಪಕ್ಕೆಗೆ ತಾಗಿತು. ಒಮ್ಮೆ, ಮತ್ತೆ ಇನ್ನೊಮ್ಮೆ.

ಗಣಪಿಯನ್ನು ನೋಡಬಾರದೆಂದು ಮಾಸ್ತಮ್ಮ ಸುಚಿತಾಳ ಪೆನ್ನಿನ ತುದಿಯನ್ನೇ ನೋಡಿದಳು.

"ಜಟ್ಟಪ್ಪ" ಎಂದಳು. "ಬರ್ಕಳಿ ಅಕ್ಕೋರೆ, ಜಟ್ಟಪ್ಪ."